ಹಸಿ ಹಲಗೆಯ ಪಾಪನಿವೇದನೆ ಪೀಠ

ಚರ್ಚಿನ ಕಾಂಪೌಂಡ್ ಗೋಡೆಯನ್ನು ಹೊಸದಾಗಿ ಕಟ್ಟುವಾಗ, ಅದಕ್ಕೆ ಒತ್ತಿಕೊಂಡು ಬೆಳೆದಿದ್ದ ಹಲಸಿನ ಮರವನ್ನು ಕಡಿಯಬೇಕಾಯಿತು. ಯಲಹಂಕದ ಕಡೆಯ ನಮ್ಮ ಸಣ್ಣ ಧರ್ಮಕೇಂದ್ರದಲ್ಲಿ ಆ ಮರದ ಹಣ್ಣು ತಿನ್ನದವರಿಲ್ಲ. ಹಣ್ಣಿನ ಕಾಲದಲ್ಲಿ ಭಾನುವಾರದ ಪೂಜೆ ಮುಗಿದ ಮೇಲೆ ಬಾಗಿಲಲ್ಲೇ ತೊಳೆ ಹಂಚುತ್ತಿದ್ದರು. ಮರ ಉರುಳಿದ ದಿನ ಕೆಲವು ಹೆಂಗಸರು ಕಣ್ಣೊರೆಸಿಕೊಂಡರು. ಕಾಂಡವನ್ನು ಸೌದೆಗೆ ಹಾಕಬಾರದು, ಚರ್ಚಿಗೇ ಏನಾದರೂ ಮಾಡಿಸಬೇಕು ಎಂದು ಎಲ್ಲರೂ ಹೇಳಿದರು. ನಾನು ದಿಮ್ಮಿಯ ಸುತ್ತ ಒಂದು ಸಲ ನಡೆದು, ಕೊಯ್ದ ತುದಿಯ ಮೇಲೆ ಕೈ ಇಟ್ಟು ನೋಡಿದೆ. ಅಂಗೈಗೆ ಹಾಲು ಅಂಟಿತು.

ನಾನು ಬಡಗಿ. ವಯಸ್ಸು ಎಪ್ಪತ್ತು ದಾಟಿದೆ. ಚರ್ಚಿನಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರು ಕಡಿಮೆ, ಎಲ್ಲರಿಗೂ ಮೇಸ್ತ್ರಿ.

ಅದೇ ಸಮಯದಲ್ಲಿ ನಮ್ಮ ಹಳೆಯ ಪಾಪನಿವೇದನೆ ಪೀಠಕ್ಕೆ ಗೆದ್ದಲು ಹಿಡಿದಿತ್ತು. ಅದು ಬೀರುವಿನಂಥ ಒಂದು ಮರದ ಗೂಡು. ಒಳಗೆ ಗುರುಗಳು ಕೂರುತ್ತಾರೆ. ಪಕ್ಕದ ಖಾನೆಯಲ್ಲಿ ಪಾಪ ಹೇಳಿಕೊಳ್ಳುವವರು ಮೊಣಕಾಲೂರುತ್ತಾರೆ. ನಡುವೆ ಸಣ್ಣ ರಂಧ್ರಗಳ ಜಾಲರಿ. ಅಲ್ಲಿ ಆಡಿದ ಮಾತು ಅಲ್ಲೇ ಉಳಿಯಬೇಕು. ಕೇಳಿದ ಗುರುಗಳು ಅದನ್ನು ಬಾಯಿ ಬಿಡುವಂತಿಲ್ಲ, ಅದರ ಆಧಾರದ ಮೇಲೆ ಏನನ್ನೂ ಮಾಡುವಂತಿಲ್ಲ, ಕತ್ತಿನ ಮೇಲೆ ಕತ್ತಿ ಇಟ್ಟರೂ ಇಲ್ಲ. ಹೊಸ ಪೀಠದ ಕೆಲಸವನ್ನು ಗುರುಗಳು ಅಬ್ಬಿಗೆರೆಯ ಬಡಗಿಗೆ ಕೊಡುವುದೆಂದು ಮಾತಾಗಿತ್ತು. ಅವನೂ ನಮ್ಮ ಚರ್ಚಿನವನೇ. ನನ್ನ ಕೈಕೆಳಗೆ ಕೆಲಸ ಕಲಿತವನು. ಈಗ ಅಬ್ಬಿಗೆರೆಯಲ್ಲಿ ಶೆಡ್ ಹಾಕಿಕೊಂಡು, ಮಿಷನ್ ಇಟ್ಟುಕೊಂಡು, ಇಬ್ಬರು ಕೆಲಸದವರನ್ನು ಸಾಕುತ್ತಿದ್ದಾನೆ.

ಒಂದು ಭಾನುವಾರ ಪೂಜೆಯ ನಂತರ ಚರ್ಚಿನ ಮುಂದೆ ಇದರ ಮಾತು ಬಂತು. ಅಬ್ಬಿಗೆರೆಯವನು ದಿಮ್ಮಿಯನ್ನು ಕಾಲಿನಿಂದ ಮೆಲ್ಲಗೆ ತಟ್ಟಿ ಹೇಳಿದ: "ಫಾದರ್, ಇದು ಹಸಿ, ಈಗ ಮುಟ್ಟೋ ಹಾಗಿಲ್ಲ. ಸೀಳ್ಸಿ, ನಡುವೆ ಪಟ್ಟಿ ಕೊಟ್ಟು ಅಟ್ಟಿ ಹಾಕಿ, ನೆರಳಲ್ಲಿ ಒಂದು ವರ್ಷ ಬಿಟ್ಬಿಡೋಣ. ಪೀಠಕ್ಕೆ ನನ್ನತ್ರ ಒಣಗಿರೋ ಸಾಗುವಾನಿ ಇದೆ. ತಪಸ್ಸುಕಾಲಕ್ಕೆ ಅದ್ರಲ್ಲೇ ಮಾಡ್ಕೊಡ್ತೀನಿ."

ಸರಿಯಾದ ಮಾತು. ನಾನು ಅವನ ಜಾಗದಲ್ಲಿದ್ದರೂ ಅದನ್ನೇ ಹೇಳುತ್ತಿದ್ದೆ. ಗುರುಗಳು ತಲೆಯಾಡಿಸಿದರು. ಆಗ ನಾನು ಮುಂದೆ ಬಂದೆ.

"ಫಾದರ್, ಇದು ನಮ್ಮ ತಾತಂದಿರು ನೆಟ್ಟ ಮರ. ಪೀಠ ಇದ್ರಲ್ಲೇ ಆಗ್ಬೇಕು. ಬೂದಿ ಬುಧವಾರದ ಒಳಗೆ ನಾನು ನಿಲ್ಲಿಸ್ತೀನಿ. ಕೂಲಿ ಬೇಡ. ದೇವ್ರ ಕೆಲಸ."

ಪಾಸ್ಖ, ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನಗಳ ತಪಸ್ಸುಕಾಲ ಶುರುವಾಗುವುದು ಬೂದಿ ಬುಧವಾರದಂದು. ಜನ ಚಪ್ಪಾಳೆ ತಟ್ಟಿದರು. ಕಣ್ಣೊರೆಸಿಕೊಂಡಿದ್ದ ಹೆಂಗಸರು ಎಲ್ಲರಿಗಿಂತ ಜೋರಾಗಿ ತಟ್ಟಿದರು. ಚಪ್ಪಾಳೆ ನಿಂತ ಮೇಲೆ ಅಬ್ಬಿಗೆರೆಯವನು ಹತ್ತಿರ ಬಂದು, "ಮೇಸ್ತ್ರಿ, ಹಸಿ ಇದೆ ಅಲ್ವಾ?" ಎಂದು ತಗ್ಗಿದ ದನಿಯಲ್ಲಿ ಕೇಳಿದ.

ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ: "ಉಳಿ ಹಿಡಿಯೋದು ಯಾರು ಕಲ್ಸಿದ್ದೋ ನಿಂಗೆ? ಈಗ ನನಗೇ ಪಾಠ ಮಾಡ್ತೀಯೇನೋ?"

ಸುತ್ತಲಿನವರು ನಕ್ಕರು. ಅವನೂ ನಕ್ಕ.

ಕಾರಣವನ್ನು ಇಲ್ಲೇ ಬರೆದುಬಿಡುತ್ತೇನೆ. ಕೆಲವು ತಿಂಗಳ ಹಿಂದೆ ನನ್ನ ಮಗಳು ಸಹಕಾರನಗರದ ತನ್ನ ಮನೆಗೆ ಅಡುಗೆಮನೆಯ ಕಪಾಟುಗಳನ್ನು ಅವನಿಂದ ಮಾಡಿಸಿದ್ದಳು. ನನ್ನನ್ನು ಕೇಳಲೂ ಇಲ್ಲ. ಗೃಹಪ್ರವೇಶದ ಊಟಕ್ಕೆ ಹೋದಾಗ ಆ ಕಪಾಟಿನ ಬಾಗಿಲನ್ನು ತೆಗೆದು ಹಾಕಿ ನೋಡಿದೆ. ಸದ್ದಿಲ್ಲದೆ ಮುಚ್ಚಿಕೊಂಡಿತು. ಮೂರು ಜನ ನನ್ನ ಬಳಿಯೇ ಬಂದು ಅವನ ಫೋನ್ ನಂಬರ್ ಕೇಳಿದರು. ಕೊಟ್ಟೆ. ಮನೆಗೆ ಬಂದು ಮಲಗಿದೆ. ನನಗೆ ಕೋಪ ಬಂದಿದೆ ಎಂದು ಆಗ ಅನ್ನಿಸಿರಲಿಲ್ಲ. ಚರ್ಚಿನ ಮುಂದೆ ನಿಂತು "ಕೂಲಿ ಬೇಡ" ಎಂದಾಗ ಆ ಬಾಗಿಲು ನೆನಪಾಯಿತು. ದೇವರು ನೆನಪಾಗಲಿಲ್ಲ.

ಪುಕ್ಕಟೆ ಮಾಡುತ್ತೇನೆಂದವನ ಎದುರು ಕೂಲಿ ಕೇಳುವವನು ಏನು ಮಾಡಬಲ್ಲ? ಗುರುಗಳು ಅವನ ಮುಖ ನೋಡಿ ಒಂದು ದಾರಿ ಮಾಡಿದರು. ದಿಮ್ಮಿಯನ್ನು ಸೀಳಿಸಿ ಹಲಗೆಗಳನ್ನು ಮಿಷನ್ನಿನಲ್ಲಿ ಅಳತೆಗೆ ತರುವುದು ಅವನ ಕೆಲಸ. ಕೂಡಿಸಿ ಕಟ್ಟುವುದು ನನ್ನದು. ಚರ್ಚಿನ ಬೆಂಚುಗಳನ್ನೆಲ್ಲ ಬದಲಿಸುವ ಯೋಚನೆಯೂ ಇತ್ತು. ಅದು ಅವನಿಗೇ ಎಂದೂ ಹೇಳಿದರು. ಅಷ್ಟು ಬೆಂಚು ಎಂದರೆ ಅವನ ಶೆಡ್ಡಿಗೆ ಒಂದು ವರ್ಷದ ಅನ್ನ. ಮಾಕಳಿ ಕಡೆಯ ದೊಡ್ಡ ಕಾರ್ಖಾನೆಯ ರೆಡಿಮೇಡ್ ಸಾಮಾನು ಬಂದ ಮೇಲೆ ಅವನಿಗೂ ಆರ್ಡರ್ ಕಡಿಮೆಯಾಗಿತ್ತು. ಇದ್ದ ಇಬ್ಬರು ಕೆಲಸದವರನ್ನು ಕಳಿಸುವ ಹಂತಕ್ಕೆ ಬಂದಿದ್ದ. ಆ ಸಂಗತಿ ನನಗೂ ಗೊತ್ತಿತ್ತು.

ಹಲಗೆಗಳು ಬಂದವು. ಹಲಸು ಹಸಿಯಿದ್ದಾಗ ನಿಂಬೆಹಣ್ಣಿನ ಸಿಪ್ಪೆಯ ಹಳದಿ. ಎತ್ತಿದರೆ ಒದ್ದೆ ಬಟ್ಟೆಯ ಭಾರ. ನಾನು ಒಂದು ಸಣ್ಣ ಚಕ್ಕೆ ಕತ್ತರಿಸಿ, ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ, ಮನೆಗೆ ತಂದು ಬಾಣಲೆಯ ಮೇಲೆ ಸಣ್ಣ ಉರಿಯಲ್ಲಿ ಇಟ್ಟೆ. ಸುಡದ ಹಾಗೆ ಮಗುಚುತ್ತಾ ಕೂತೆ.

ಹೆಂಡತಿ ನೋಡಿ, "ಏನ್ರೀ, ಮರದ ಒಬ್ಬಟ್ಟಾ? ತುಪ್ಪ ಕೊಡ್ಲಾ?" ಎಂದಳು.

ನೀರೆಲ್ಲ ಹೋದ ಮೇಲೆ ಮತ್ತೆ ತೂಗಿಸಿದೆ. ಮೂರನೇ ಒಂದು ಭಾಗದಷ್ಟು ಹೋಗಿತ್ತು. ಕೆಲಸಕ್ಕೆ ಬರುವ ಮರ ಅಷ್ಟು ಕಳೆದುಕೊಳ್ಳುವುದಿಲ್ಲ. ಇದು ನನ್ನ ಕಣ್ಣೆದುರಿಗೇ ಸಿಕ್ಕ ಉತ್ತರ. ಚಕ್ಕೆಯನ್ನು ಕಸದ ಬುಟ್ಟಿಗೆ ಹಾಕಿದೆ. ಹೆಂಡತಿ ಕೈ ಕಟ್ಟಿಕೊಂಡು ನಿಂತಿದ್ದಳು.

"ಹಸಿ ಅಲ್ವಾ?"

"ಸ್ವಲ್ಪ."

"ಹಂಗಿದ್ರೆ ಬಿಡಿ. ಅವ್ನಿಗೆ ಹೇಳಿ, ಸಾಗುವಾನಿಲಿ ಮಾಡ್ಲಿ."

"ದೇವ್ರ ಕೆಲಸ ಅಂತ ಒಪ್ಕೊಂಡಿದೀನಿ ಕಣೇ."

"ದೇವ್ರಿಗೆ ಮಾಡ್ತಿದೀರೋ, ಅಬ್ಬಿಗೆರೆಯವ್ನಿಗೆ ಮಾಡ್ತಿದೀರೋ?" ಎಂದು ಬಾಣಲೆ ತೆಗೆದುಕೊಂಡು ಹೋದಳು. ಆ ದಿನದ ಸಾರಿನ ಒಗ್ಗರಣೆಗೆ ಹಲಸಿನ ವಾಸನೆ ಬಂತು. ಅವಳು ಮತ್ತೆ ಆ ಮಾತೆತ್ತಲಿಲ್ಲ.

ಕೆಲಸ ಶುರು ಮಾಡಿದೆ. ಮನೆಯ ಹಿಂದಿನ ಶೀಟಿನ ಕೆಳಗೆ ಹಲಗೆಗಳನ್ನು ಅಟ್ಟಿ ಹಾಕಿ, ತುದಿಗಳು ಸೀಳದಂತೆ ಸಗಣಿ ಬಳಿದು, ಕೆಲವು ವಾರ ಫ್ಯಾನ್ ಗಾಳಿ ಕೊಟ್ಟೆ. ಅದು ಸಾಲದೆಂದು ಗೊತ್ತಿದ್ದೇ ಕೊಟ್ಟೆ. ಕ್ರಿಸ್ಮಸ್ ಮುಗಿದ ಮೇಲೆ ಚೌಕಟ್ಟು ಕಟ್ಟಿದೆ. ಹತ್ತರಿ ಹಿಡಿದು ಕೀಸಿದರೆ ಸುರುಳಿ ಉದುರುವ ಬದಲು ನಾರುನಾರಾಗಿ ಎದ್ದು ಬರುತ್ತಿತ್ತು. ಅಲಗಿಗೆ ಅಂಟು ಹತ್ತುತ್ತಿತ್ತು. ಗಳಿಗೆಗೊಮ್ಮೆ ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ ಮುಂದುವರಿಸಿದೆ. ಒರೆಸುವಾಗಲೆಲ್ಲ ಜಪಸರದ ಒಂದು ಮಣಿ ಹೇಳಿಕೊಂಡೆ. ಹಾಗೆ ಮಾಡುವುದನ್ನು ಮಗಳು ಒಮ್ಮೆ ನೋಡಿ ಫೋಟೋ ತೆಗೆದು ಚರ್ಚಿನ ವಾಟ್ಸಾಪ್ ಗುಂಪಿಗೆ ಹಾಕಿದಳು. ಆಮೇಲೆ ಯಾರಾದರೂ ಬರುವ ಸದ್ದಾದಾಗ ನಾನು ಮಣಿಯನ್ನು ತುಸು ಜೋರಾಗಿ ಹೇಳುತ್ತಿದ್ದೆ.

ಈಗ ಒಂದು ತಾಂತ್ರಿಕ ಸಂಗತಿ ಹೇಳಬೇಕು. ಚೌಕಟ್ಟಿನೊಳಗೆ ಕೂರಿಸುವ ಅಗಲ ಹಲಗೆಗೆ ಯಾರೂ ಅಂಟು ಹಾಕುವುದಿಲ್ಲ. ಚೌಕಟ್ಟಿನ ಒಳಮೈಯಲ್ಲಿ ಸಣ್ಣ ಕಾಲುವೆಯಂತೆ ಗ್ರೂವ್ ಹೊಡೆದು, ಹಲಗೆಯನ್ನು ಅದರಲ್ಲಿ ಸಡಿಲವಾಗಿ ನಿಲ್ಲಿಸುತ್ತಾರೆ. ಮರ ಬಿಸಿಲಿಗೆ ಕುಗ್ಗುತ್ತದೆ, ಮಳೆಗೆ ಹಿಗ್ಗುತ್ತದೆ. ಸಡಿಲವಿದ್ದರೆ ಗ್ರೂವಿನೊಳಗೇ ಸರಿದಾಡಿಕೊಂಡಿರುತ್ತದೆ, ಹೊರಗೆ ಕಾಣುವುದಿಲ್ಲ. ಎರಡೂ ಕಡೆ ಅಂಟು ಹಾಕಿ ಹಿಡಿದರೆ ಅದಕ್ಕೆ ಹೋಗಲು ದಾರಿಯಿಲ್ಲ, ನಡುವೆ ಬಿರಿಯುತ್ತದೆ. ಇದು ನಾನೇ ಅಬ್ಬಿಗೆರೆಯವನಿಗೆ ಅವನ ಮೊದಲ ವರ್ಷದಲ್ಲಿ ಹೇಳಿಕೊಟ್ಟದ್ದು.

ಆದರೆ ಪೀಠ ಕೂಡಿಸಿ ನೋಡಿದಾಗ ಹಲಗೆಗಳು ಗ್ರೂವಿನಲ್ಲಿ ಅಲುಗುತ್ತಿದ್ದವು. ಹೆಂಡತಿಗೆ ಪಾಪ ಹೇಳಿಕೊಳ್ಳುವ ಖಾನೆಯಲ್ಲಿ ಕೂತು ಮಾತಾಡಲು ಹೇಳಿ, ನಾನು ಹೊರಗೆ ನಿಂತು ಕೇಳಿದೆ. ಸಂದಿಗಳಿಂದ ಪಿಸುಮಾತು ಹೊರಗೆ ಬರುತ್ತಿತ್ತು. ಗ್ರೂವಿನಲ್ಲಿ ಬಟ್ಟೆಯ ಪಟ್ಟಿ ತುರುಕಿದರೆ ಸಾಕಿತ್ತು. ಅದಕ್ಕೆ ಪೀಠ ಬಿಚ್ಚಿ ಮತ್ತೆ ಕಟ್ಟಬೇಕು, ಒಂದು ವಾರ ಹೋಗುತ್ತದೆ. ಬೂದಿ ಬುಧವಾರ ಹತ್ತಿರ ಬಂದಿತ್ತು. ಮುಗಿಯಲಿಲ್ಲ ಎಂದರೆ ಸಾಗುವಾನಿಯ ಮಾತು ಮತ್ತೆ ಬರುತ್ತದೆ. ಎಲ್ಲ ಹಲಗೆಗಳ ಸುತ್ತ ಅಂಟು ತುಂಬಿದೆ. ಒಂದು ಮಾತೂ ಹೊರಗೆ ಹೋಗಬಾರದು, ಅದಕ್ಕೇ ಮಾಡುತ್ತಿದ್ದೇನೆ ಎಂದುಕೊಂಡೆ. ಅಂಟು ಆರಿದ ಮೇಲೆ ನಿಜಕ್ಕೂ ಒಂದು ಮಾತೂ ಹೊರಗೆ ಬರಲಿಲ್ಲ.

ಪೀಠ ಹೇಳಿದ ದಿನಕ್ಕೆ ನಿಂತಿತು. ಗುರುಗಳು ತೀರ್ಥ ಚಿಮುಕಿಸಿ ಆಶೀರ್ವದಿಸಿದರು. ಪ್ರಬೋಧನೆಯಲ್ಲಿ ಫಲ ಬಯಸದ ಸೇವೆಯ ಬಗ್ಗೆ ಮಾತಾಡಿ ನನ್ನತ್ತ ಕೈ ತೋರಿಸಿದರು. ನಾನು ತಲೆ ತಗ್ಗಿಸಿದೆ. ತಗ್ಗಿಸಿದರೆ ಚೆನ್ನಾಗಿ ಕಾಣುತ್ತದೆ ಎಂದು ಗೊತ್ತಿತ್ತು. ಅಬ್ಬಿಗೆರೆಯವನು ಕೊನೆಯ ಸಾಲಿನಲ್ಲಿ ನಿಂತಿದ್ದ. ಅವನು ಎಲ್ಲಿದ್ದಾನೆಂದು ತಲೆ ತಗ್ಗಿಸುವ ಮೊದಲೇ ನೋಡಿಕೊಂಡಿದ್ದೆ.

ಆ ವರ್ಷ ಬಿಸಿಲು ಬೇಗ ಬಂತು. ತಪಸ್ಸುಕಾಲದ ಶುಕ್ರವಾರಗಳಂದು ಸಂಜೆ ಶಿಲುಬೆ ಹಾದಿಯ ಪ್ರಾರ್ಥನೆ ಇರುತ್ತದೆ. ಅಂಥ ಒಂದು ಶುಕ್ರವಾರ ಪ್ರಾರ್ಥನೆಯ ನಡುವೆ ಪೀಠದ ಕಡೆಯಿಂದ ಟಪ್ ಎಂದು ಸದ್ದಾಯಿತು. ಯಾರೂ ತಿರುಗಲಿಲ್ಲ. ಎಲ್ಲರೂ ಹೋದ ಮೇಲೆ ಬಗ್ಗಿ ನೋಡಿದೆ. ಮೊಣಕಾಲೂರಿದವರ ಬಾಯಿಯ ಮಟ್ಟಕ್ಕೆ, ಹೊರಗಿನ ಹಲಗೆಯಲ್ಲಿ ಕೂದಲೆಳೆಯಷ್ಟು ಸೀಳು. ಮರುದಿನ ಬಂದು ನೋಡಿದಾಗ ಅದರಲ್ಲಿ ಉಗುರು ಹೋಗುತ್ತಿತ್ತು. ಆಗಲೂ ಹೇಳಬಹುದಿತ್ತು. ಹಲಸಿನ ಮರದ ಪುಡಿಗೆ ಅಂಟು ಕಲಸಿ ಸೀಳಿಗೆ ತುಂಬಿ, ಉಪ್ಪುಕಾಗದದಿಂದ ತಿಕ್ಕಿ, ಪಾಲಿಶ್ ಹಚ್ಚಿದೆ. ಹಚ್ಚುತ್ತಿರುವಾಗ ಗುರುಗಳು ಬಂದರು.

"ಏನು ಮೇಸ್ತ್ರಿ, ಇನ್ನೂ ಕೆಲಸ ಮುಗಿದಿಲ್ವಾ?"

"ಪಾಲಿಶ್ ಫಾದರ್. ಸುಮ್ನೆ ಒಂದು ಕೈ."

ಕಲಸಿಟ್ಟ ಬಟ್ಟಲನ್ನು ಅವರು ನೋಡಿದರು. ಏನೂ ಕೇಳದೆ ಹೋದರು.

ಪಾಸ್ಖಕ್ಕೆ ಒಂದು ವಾರ ಮೊದಲು ಬರುವ ಗರಿಗಳ ಭಾನುವಾರಕ್ಕೆ ಮುಂಚಿನ ದಿನ ಪಾಪನಿವೇದನೆಗೆ ಜನ ಹೆಚ್ಚು. ವರ್ಷಕ್ಕೊಮ್ಮೆ ಬರುವವರೆಲ್ಲ ಅಂದೇ ಬರುತ್ತಾರೆ. ಮುಂದಿನ ಬೆಂಚುಗಳಲ್ಲಿ ಸಾಲಾಗಿ ಕೂತು ಸರದಿ ಕಾಯುತ್ತಿದ್ದರು, ನಾನೂ ಕೂತಿದ್ದೆ. ಅಮೃತಹಳ್ಳಿಯಿಂದ ಬರುವ ನಡುವಯಸ್ಸಿನ ಒಬ್ಬ ಹೆಂಗಸು ಒಳಗೆ ಹೋಗಿ ಮೊಣಕಾಲೂರಿದಳು. ಸ್ವಲ್ಪ ಹೊತ್ತಿಗೆ ಅವಳ ದನಿ ಕೇಳತೊಡಗಿತು. ನಾನು ತುಂಬಿದ್ದ ಪುಡಿ ಒಣಗಿ ಉದುರಿ, ಸೀಳು ಬೆರಳಗಲ ಬಿಟ್ಟುಕೊಂಡಿತ್ತು. ಅವಳು ಅಳುತ್ತಾ ಮಾತಾಡುತ್ತಿದ್ದಳು, ಹಾಗಾಗಿ ದನಿ ಎತ್ತರಕ್ಕಿತ್ತು.

ಏನು ಹೇಳಿದಳೆಂದು ನಾನು ಬರೆಯುವುದಿಲ್ಲ.

ಸಾಲಿನಲ್ಲಿದ್ದವರು ಮೊದಲು ಒಬ್ಬರ ಮುಖ ಒಬ್ಬರು ನೋಡಿದರು, ಆಮೇಲೆ ನೆಲ ನೋಡಿದರು. ಯಾರೂ ಎದ್ದು ಹೋಗಲಿಲ್ಲ. ಒಬ್ಬ ಅಜ್ಜಿ ಮಾತ್ರ ಇದ್ದಕ್ಕಿದ್ದಂತೆ ಜಪಸರವನ್ನು ಜೋರಾಗಿ ಶುರು ಮಾಡಿದರು. ದೇವಮಾತೆಯನ್ನು ಕರೆಯುತ್ತಾ ಪಕ್ಕದವಳನ್ನು ತಿವಿದು, "ಹೇಳ್ರೇ! ಬಾಯಿಲ್ವಾ ನಿಮಗೆ?" ಎಂದು ಗದರಿದರು. ಎಲ್ಲರೂ ದನಿಗೂಡಿಸಿದರು. ನಾನೂ. ಆ ಹೆಂಗಸು ಹೊರಗೆ ಬಂದಾಗ ನಾವೆಲ್ಲ ಕಿರುಚುವಂತೆ ಪ್ರಾರ್ಥಿಸುತ್ತಿದ್ದೆವು. ಅವಳು ಪೀಠವನ್ನು ನೋಡಿದಳು, ಸೀಳನ್ನು ನೋಡಿದಳು, ನಮ್ಮನ್ನು ನೋಡಿದಳು. ಸೆರಗು ಹೊದ್ದು ಪಕ್ಕದ ಬಾಗಿಲಿಂದ ಹೋದಳು.

ಸಂಜೆಯ ಹೊತ್ತಿಗೆ ಪಾಲನಾ ಸಮಿತಿಯ ಕಾರ್ಯದರ್ಶಿ ಚರ್ಚಿನ ಅಂಗಳದಲ್ಲಿ ಅಬ್ಬಿಗೆರೆಯವನನ್ನು ನಿಲ್ಲಿಸಿಕೊಂಡಿದ್ದರು. ಹತ್ತಾರು ಜನ ಸುತ್ತ ಸೇರಿದ್ದರು.

"ಮಿಷನ್ನಲ್ಲಿ ಬಿಸಿ ಮಾಡಿ ಕೊಯ್ದ್ರೆ ಮರ ಬಿರಿಯದೆ ಇನ್ನೇನು? ಮೇಸ್ತ್ರಿ ಕೈಕೆಲ್ಸ ಎಲ್ಲಾದ್ರೂ ಬಿರಿದಿದ್ದು ನೋಡಿದೀರಾ?"

"ಸಾರ್, ನಾನು ಹಲಗೆ ಸೀಳ್ಸಿ ಅಳತೆಗೆ ಮಾಡ್ಕೊಟ್ಟೆ, ಅಷ್ಟೇ. ಹಸಿ ಅಂತ ಅವತ್ತೇ ಎಲ್ರ ಮುಂದೆ ಹೇಳಿದ್ದೆ" ಎಂದ ಅವನು. ಆಮೇಲೆ ನನ್ನನ್ನು ಕಂಡ. "ಮೇಸ್ತ್ರಿ, ನೀವೇ ಹೇಳಿ."

ಎಲ್ಲರೂ ತಿರುಗಿದರು.

"ಮರ ಅಲ್ವಾ," ಎಂದೆ. "ಯಾಕ್ ಬಿರಿಯುತ್ತೆ ಅಂತ ಹೇಳಕ್ಕಾಗಲ್ಲ."

ಇದರಲ್ಲಿ ಸುಳ್ಳು ಎಲ್ಲಿದೆ ಎಂದು ಯಾರೂ ತೋರಿಸಲಾರರು. ಹಾಗೆ ಆರಿಸಿ ಆಡಿದ ಮಾತು ಅದು. ಕಾರ್ಯದರ್ಶಿ ನನ್ನ ಭುಜ ತಟ್ಟಿ, "ಶಿಷ್ಯನ್ನ ಬಿಟ್ಕೊಡಲ್ಲ ನೋಡಿ ನಮ್ಮ ಮೇಸ್ತ್ರಿ" ಎಂದರು. ಬೆಂಚಿನ ಕೆಲಸವನ್ನು ಮಾಕಳಿಯ ಕಾರ್ಖಾನೆಗೆ ಕೊಡುವ ಬಗ್ಗೆ ನಾಳೆ ಪೂಜೆಯ ನಂತರ ಸಮಿತಿ ಸೇರಿ ತೀರ್ಮಾನಿಸುವುದೆಂದು ಆಯಿತು. ಅಬ್ಬಿಗೆರೆಯವನು ಬೈಕ್ ಹತ್ತಿ ಹೊರಟುಹೋದ.

ನಾನು ಮನೆಗೆ ಹೊರಟಿದ್ದೆ. ಗುರುಗಳು ಒಳಗೆ, ಪೂಜಾವಸ್ತ್ರಗಳನ್ನಿಡುವ ಕೋಣೆಗೆ ಕರೆದರು. ಬಾಗಿಲು ಹಾಕಿ, "ಮೇಸ್ತ್ರಿ, ಅವತ್ತು ನೀವು ಬಟ್ಟಲಲ್ಲಿ..." ಎಂದು ಶುರು ಮಾಡಿದರು.

ನಾನು ಅವರ ಮಾತು ಮುಗಿಯಲು ಬಿಡಲಿಲ್ಲ. "ಫಾದರ್, ಮೊದಲು ನನ್ನ ಪಾಪನಿವೇದನೆ ಕೇಳಿ. ಇವತ್ತು ಸರದಿ ತಪ್ಪೋಯ್ತು."

ಅವರು ನನ್ನನ್ನೇ ನೋಡಿದರು. ಪಾಪನಿವೇದನೆ ಕೇಳುವಾಗ ಧರಿಸುವ, ಗೋಡೆಯ ಮೊಳೆಗೆ ನೇತುಹಾಕಿದ್ದ ನೇರಳೆ ಪಟ್ಟಿಯನ್ನು ಕೊರಳಿಗೆ ಹಾಕಿಕೊಳ್ಳಲು ತುಂಬ ಹೊತ್ತು ತೆಗೆದುಕೊಂಡರು. ಹಾಕಿಕೊಳ್ಳದೆ ಇರಲು ಅವರಿಗೆ ಬರುವುದಿಲ್ಲ. ಕೇಳಿಕೊಂಡು ಬಂದವನಿಗೆ ಇಲ್ಲ ಎನ್ನುವಂತಿಲ್ಲ. ನಾನು ಕುರ್ಚಿಯ ಪಕ್ಕ ಮೊಣಕಾಲೂರಿ ಎಲ್ಲವನ್ನೂ ಹೇಳಿದೆ. ಹಸಿ ಮರ, ಬಾಣಲೆ, ಅಂಟು, ಸೀಳು, ಸಂಜೆಯ ಮಾತು, ಎಲ್ಲ. ಅಳು ಬರಲಿಲ್ಲ. ಯಾರದೋ ಮನೆಯ ಕೆಲಸದ ವಿವರ ಒಪ್ಪಿಸಿದಂತೆ ಹೇಳಿ ಮುಗಿಸಿದೆ.

ಅವರು ಪ್ರಾಯಶ್ಚಿತ್ತವಾಗಿ ಪ್ರಾರ್ಥನೆ ಕೊಡಲಿಲ್ಲ. "ಆ ಮನುಷ್ಯನ ಒಳ್ಳೆ ಹೆಸರನ್ನ ಅವನಿಗೆ ವಾಪಸ್ ಕೊಡಿ. ಹೇಗೆ ಅಂತ ನಿಮಗೇ ಗೊತ್ತು" ಎಂದರು. ಆಮೇಲೆ ಪಟ್ಟಿ ತೆಗೆದು ಮೊಳೆಗೆ ಹಾಕಿದರು. ಬಟ್ಟಲಿನ ಮಾತು ಮತ್ತೆ ತೆಗೆಯಲಿಲ್ಲ. ಇನ್ನು ತೆಗೆಯುವಂತೆಯೂ ಇರಲಿಲ್ಲ.

ಮನೆಗೆ ನಡೆದುಕೊಂಡು ಹೋಗುವಾಗ ಹಗುರವಾಗುತ್ತದೆ ಎಂದುಕೊಂಡಿದ್ದೆ. ಹಗುರವೂ ಆಗಲಿಲ್ಲ, ಭಾರವೂ ಆಗಲಿಲ್ಲ. ಯಾವಾಗ ಕೊಡಬೇಕೆಂದು ಗುರುಗಳು ಹೇಳಿರಲಿಲ್ಲ. ಪಾಸ್ಖ ಹಬ್ಬ ಮುಗಿಯಲಿ, ಅಬ್ಬಿಗೆರೆಗೆ ಹೋಗಿ ಅವನೊಬ್ಬನಿಗೇ ಹೇಳಿದರಾಯಿತು ಎಂದು ತೀರ್ಮಾನಿಸಿ ಮಲಗಿದೆ. ನಿದ್ದೆ ಚೆನ್ನಾಗಿಯೇ ಬಂತು.

ಮರುದಿನ ಗರಿಗಳ ಮೆರವಣಿಗೆ, ಪೂಜೆ ಎಲ್ಲ ಮುಗಿದು, ಸಮಿತಿಯವರು ಚರ್ಚಿನ ಪಕ್ಕದ ಕೋಣೆಯಲ್ಲಿ ಸೇರಿದರು. ಹಿರಿಯನೆಂದು ನನಗೂ ಕುರ್ಚಿ ಇತ್ತು. ಅಬ್ಬಿಗೆರೆಯವನು ಬಾಗಿಲ ಬಳಿ ನಿಂತಿದ್ದ, ಕೂರಲು ಯಾರೂ ಹೇಳಲಿಲ್ಲ. ಕಾರ್ಯದರ್ಶಿ ಹೇಳಬೇಕಾದ್ದನ್ನೆಲ್ಲ ಹೇಳಿ, "ಇಂಥ ಕೆಲಸದಿಂದ ಒಬ್ಬ ಹೆಣ್ಣುಮಗಳ ಮಾನ ಹೋಯ್ತು. ಇದೇ ಮನುಷ್ಯನಿಗೆ ಬೆಂಚು ಕೊಡೋದಾ? ಫಾದರ್, ನೀವೇನಂತೀರಿ?" ಎಂದು ಕೇಳಿದರು.

ಗುರುಗಳು ಬಾಯಿ ತೆರೆದರು. ಮುಚ್ಚಿದರು. ಅವರ ಕಿವಿಗಳು ಕೆಂಪಾದವು. ಮೇಜಿನ ಮೇಲಿದ್ದ ಗರಿಯೊಂದನ್ನು ಎಳೆಎಳೆಯಾಗಿ ಸೀಳುತ್ತಾ ಕೂತರು. ಅಲ್ಲಿ ಪೂರ್ತಿ ನಿಜ ಗೊತ್ತಿದ್ದವರು ಇಬ್ಬರು. ಒಬ್ಬರು ಹೇಳುವಂತಿಲ್ಲ, ಇನ್ನೊಬ್ಬ ಹೇಳುತ್ತಿಲ್ಲ.

ಆಗ ನನಗೆ ನಿನ್ನೆಯ ಸಂಜೆ ಅರ್ಥವಾಯಿತು. ನಾನು ಪಾಪನಿವೇದನೆ ಕೇಳಿದ್ದು ಪಾಪ ಕಳೆದುಕೊಳ್ಳಲು ಅಲ್ಲ. ಬಟ್ಟಲನ್ನು ನೋಡಿದ್ದವರು ಅವರೊಬ್ಬರೇ. ಅವರು ಕೇಳುವ ಮೊದಲು ನಾನೇ ಹೇಳಿಬಿಟ್ಟರೆ ಅವರ ಬಾಯಿ ಕಟ್ಟುತ್ತದೆ. ಹೀಗೆ ಲೆಕ್ಕ ಹಾಕಿ ಮಾಡಿದೆನೆಂದು ಹೇಳಲಾರೆ. ಆದರೆ ಅವರು "ಬಟ್ಟಲಲ್ಲಿ" ಎಂದಾಗಲೇ ನನ್ನ ಬಾಯಿಗೆ ಆ ಮಾತು ಬಂತು, ಅದಕ್ಕೆ ಮೊದಲು ಬಂದಿರಲಿಲ್ಲ. ಚಿಕ್ಕಂದಿನಿಂದ ಆ ಜಾಲರಿಯ ಮುಂದೆ ಮೊಣಕಾಲೂರಿದ್ದೇನೆ. ಅದನ್ನು ಯಾವುದಕ್ಕೆ ಬಳಸಿದೆ ಎಂದು ಗರಿ ಸೀಳುತ್ತಿದ್ದ ಆ ಬೆರಳುಗಳನ್ನು ನೋಡುವವರೆಗೆ ತಿಳಿದಿರಲಿಲ್ಲ.

ಎದ್ದು ನಿಂತೆ.

"ತಪ್ಪು ಇವನದಲ್ಲ. ಮರ ಹಸಿ ಅಂತ ನನಗೆ ಗೊತ್ತಿತ್ತು. ಹಲಗೆಗೆ ಅಂಟು ಹಾಕಿದ್ದು ನಾನು. ಸೀಳು ಬಿಟ್ಟಾಗ ಮುಚ್ಚಿಟ್ಟಿದ್ದೂ ನಾನೇ."

ಕಾರ್ಯದರ್ಶಿ ಕೈ ಮುಗಿದರು. "ನೋಡ್ರಪ್ಪ, ದೊಡ್ಡತನ ಅಂದ್ರೆ ಇದು. ಬೇರೆಯವ್ರ ತಪ್ಪನ್ನ ತಮ್ಮ ತಲೆ ಮೇಲೆ ಹಾಕ್ಕೊಳ್ತಿದಾರೆ."

"ಪವಿತ್ರ ವಾರ ಅಲ್ವಾ ಸಾರ್," ಎಂದರು ಇನ್ನೊಬ್ಬರು. "ಮೇಸ್ತ್ರಿಗೆ ಸ್ವಾಮಿ ಶಿಲುಬೆ ಹೊತ್ತಿದ್ದು ಮನಸ್ಸಿಗೆ ಬಂದಿದೆ."

ನಾನು ಕೂತುಬಿಟ್ಟೆ. ಇದನ್ನು ಬರೆಯದೆ ಬಿಡಬಹುದಿತ್ತು, ಆದರೆ ಕೂತದ್ದು ನಿಜ. ಹೇಳಬೇಕಾದ್ದನ್ನು ಹೇಳಿಯಾಯಿತು, ಗುರುಗಳ ಮಾತು ನಡೆಸಿಯಾಯಿತು, ಅವರು ನಂಬದಿದ್ದರೆ ಅದು ನನ್ನ ತಪ್ಪಲ್ಲ. ಮೊದಲಿಗಿಂತ ದೊಡ್ಡವನಾಗಿ ಕೂತಿದ್ದೆ. ಕುರ್ಚಿ ಹಿತವಾಗಿತ್ತು.

ಬಾಗಿಲ ಬಳಿಯಿಂದ ಅಬ್ಬಿಗೆರೆಯವನು ನಕ್ಕ. ಸಣ್ಣ ನಗು, ಮೂಗಿನಲ್ಲಿ. ಅವನು ಚಪ್ಪಲಿ ಹಾಕಿಕೊಳ್ಳುತ್ತಿದ್ದ.

"ತಡಿಯೋ," ಎಂದೆ. "ನಿನ್ನ ಉಳಿ, ಕೊಡತಿ ಇದ್ಯಾ ಗಾಡೀಲಿ?"

"ಇದೆ."

"ತಗೊಂಡ್ ಬಾ. ಎಲ್ರೂ ಬನ್ನಿ."

ಚರ್ಚಿನ ನೆಲದಲ್ಲಿ ಗರಿಯ ತುಂಡುಗಳು ಬಿದ್ದಿದ್ದವು. ನಾನು ಪೀಠದ ಮುಂದೆ ಕೂತು ಮೊದಲು ಸೀಳಿನಲ್ಲಿ ಉಳಿದಿದ್ದ ಪುಡಿಯ ಗಟ್ಟಿಯನ್ನು ಉಳಿಯ ತುದಿಯಿಂದ ಎಬ್ಬಿಸಿ ಕಾರ್ಯದರ್ಶಿಯ ಅಂಗೈಗೆ ಹಾಕಿದೆ. "ಇದು ಮಿಷನ್ ಮಾಡೋದಲ್ಲ. ಕೈಯಲ್ಲಿ ತುಂಬಿದ್ದು." ಆಮೇಲೆ ಚೌಕಟ್ಟಿನ ಒಂದು ಕಡ್ಡಿಯನ್ನು ಬಡಿದು ಬಿಚ್ಚಿದೆ. ಹಲಗೆ ಗ್ರೂವಿನಿಂದ ಬರಲಿಲ್ಲ, ಅಂಟು ಹಿಡಿದಿತ್ತು. ಮತ್ತೆ ಹೊಡೆದೆ. ಅದು ಎರಡಾಗಿ ಮುರಿದು ಬಂತು. ಅಂಚಿನಲ್ಲಿ ಅಂಟು ಗಾಜಿನ ಹಾಗೆ ಕೂತಿತ್ತು. ಕಲಿಯಲು ಬಂದ ಮೊದಲ ವರ್ಷ ಇವನಿಗೆ ಹೀಗೆ ಮಾಡಬಾರದೆಂದು ನಾನೇ ಹೇಳಿಕೊಟ್ಟಿದ್ದೆ ಎಂದೆ. ಚಕ್ಕೆಯನ್ನು ಬಾಣಲೆಯ ಮೇಲಿಟ್ಟು ತೂಗಿದ್ದನ್ನೂ ಹೇಳಿದೆ.

ಕಾರ್ಯದರ್ಶಿ ಅಂಗೈಯಲ್ಲಿದ್ದ ಗಟ್ಟಿಯನ್ನೇ ನೋಡುತ್ತಿದ್ದರು. "ಯಾಕ್ ಮೇಸ್ತ್ರಿ? ಗೊತ್ತಿದ್ದೂ ಯಾಕೆ?"

"ಕೆಲ್ಸ ಇವನಿಗೆ ಸಿಗಬಾರದು ಅಂತ."

"ಪುಕ್ಕಟೆ ಮಾಡಿದ್ರಲ್ಲ?"

"ಅದಕ್ಕೇ ಪುಕ್ಕಟೆ ಮಾಡಿದ್ದು."

ಈ ಸಲ ಯಾರೂ ಕೈ ಮುಗಿಯಲಿಲ್ಲ. "ಆ ಹೆಣ್ಣುಮಗಳು..." ಎಂದು ಯಾರೋ ಶುರು ಮಾಡಿ ನಿಲ್ಲಿಸಿದರು. ಗುರುಗಳು ಪೀಠದ ಇನ್ನೊಂದು ಬದಿಯಲ್ಲಿ ನಿಂತು ಮುರಿದ ಹಲಗೆಯ ತುಂಡುಗಳನ್ನು ಎತ್ತಿ ಗೋಡೆಗೆ ಒರಗಿಸಿದರು. ಒಬ್ಬೊಬ್ಬರಾಗಿ ಹೋದರು. ಉಳಿಯನ್ನು ಒರೆಸಿ ಅಬ್ಬಿಗೆರೆಯವನಿಗೆ ಕೊಟ್ಟೆ. ಅವನು ಅಲಗನ್ನು ಬೆಳಕಿಗೆ ಹಿಡಿದು ನೋಡಿ ಚೀಲಕ್ಕೆ ಹಾಕಿಕೊಂಡ.

ಬೆಂಚಿನ ಕೆಲಸ ಅವನಿಗೇ ಉಳಿಯಿತು. ಪಾಸ್ಖ ಹಬ್ಬದ ಪೂಜೆಗೆ ನಾನು ಹೋದಾಗ ನನ್ನ ಬೆಂಚಿನಲ್ಲಿ ಎರಡು ಕಡೆಯೂ ಜಾಗ ಖಾಲಿಯಿತ್ತು. ಮಗಳು ಮಾತ್ರ ಎದ್ದು ಬಂದು ಪಕ್ಕದಲ್ಲಿ ಕೂತಳು. ಅಮೃತಹಳ್ಳಿಯ ಹೆಂಗಸು ಬಂದಿರಲಿಲ್ಲ. ಈಗ ಆರ್.ಟಿ. ನಗರದ ಕಡೆಯ ಒಂದು ಚರ್ಚಿಗೆ ಹೋಗುತ್ತಾಳಂತೆ, ಎರಡು ಬಸ್ ಬದಲಿಸಿಕೊಂಡು. ಅವಳ ಮನೆಗೆ ಹೋಗಿ ಕ್ಷಮೆ ಕೇಳುತ್ತೇನೆಂದು ಹೊರಟಾಗ ಹೆಂಡತಿ ತಡೆದಳು.

"ನೀವು ಹೋಗ್ತಿರೋದು ಅವ್ಳಿಗೆ ಸಮಾಧಾನ ಆಗ್ಲಿ ಅಂತಾನಾ, ನಿಮಗೆ ಆಗ್ಲಿ ಅಂತಾನಾ? ನಿಮ್ಮ ಮುಖ ನೋಡಿದ್ರೆ ಅವ್ಳಿಗೆ ಏನ್ ನೆನಪಾಗುತ್ತೆ, ಯೋಚ್ನೆ ಮಾಡಿದೀರಾ?"

ಹೋಗಲಿಲ್ಲ. ಹೋಗದೆ ಉಳಿದದ್ದು ಅವಳಿಗಾಗಿಯೋ, ಹೆದರಿಕೆಗೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಹಬ್ಬದ ಮರುವಾರ ಅಬ್ಬಿಗೆರೆಗೆ ಹೋದೆ. ಅವನು ಶೆಡ್ಡಿನಲ್ಲಿ ಬೆಂಚಿನ ಕಾಲುಗಳಿಗೆ ಗುರುತು ಹಾಕುತ್ತಿದ್ದ. ಮಿಷನ್ ನಿಲ್ಲಿಸಿ, ಕಿವಿಯಿಂದ ಹತ್ತಿ ತೆಗೆದ. ಕುರ್ಚಿ ಎಳೆದು ಕೊಟ್ಟ. ನಾನು ಬಂದದ್ದಕ್ಕೆ ಅವನಿಗೆ ಸಂತೋಷವಾಗಲಿಲ್ಲ, ಕೋಪವೂ ಬಂದಂತೆ ಕಾಣಲಿಲ್ಲ.

"ಮೇಸ್ತ್ರಿ, ಒಂದು ಕೇಳ್ತೀನಿ. ಅವತ್ತು ನೀವು ಎದ್ದು ನಿಲ್ಲೋ ಮೊದ್ಲೇ ಸಮಿತಿಯವ್ರು ಬೆಂಚು ನಂಗಿಲ್ಲ ಅಂದ್ಬಿಟ್ಟಿದ್ರೆ, ನಿಜ ನಂಗೆ ಯಾವಾಗ ಹೇಳ್ತಿದ್ರಿ?"

"ಹಬ್ಬ ಆದ್ಮೇಲೆ ಅಂದ್ಕೊಂಡಿದ್ದೆ."

"ಹೇಳ್ತಿದ್ರಾ?"

ನಾನು ಸ್ವಲ್ಪ ಯೋಚಿಸಿದೆ. "ಇಲ್ಲ ಅನ್ಸುತ್ತೆ."

ಅವನು ತಲೆಯಾಡಿಸಿದ. ಪೆನ್ಸಿಲ್ಲನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡ. ಆಮೇಲೆ ನಾನು ಬಂದ ವಿಷಯ ಹೇಳಿದೆ. ಬೆಂಚುಗಳು ಮುಗಿಯುವವರೆಗೆ ಬಂದು ಉಪ್ಪುಕಾಗದ ಹಾಕಿಕೊಡುತ್ತೇನೆ, ಏನೂ ಕೊಡಬೇಡ.

"ಬೇಡ ಮೇಸ್ತ್ರಿ," ಎಂದ. "ಪುಕ್ಕಟೆ ನನಗೆ ಬೇಡ. ಬರೋದಾದ್ರೆ ಕೂಲಿಗೆ ಬನ್ನಿ. ಎಂಟೂವರೆಗೆ ಶುರು. ಉಪ್ಪುಕಾಗದ ಹಾಕೋರಿಗೆ ಏನ್ ಕೊಡ್ತೀನೋ ಅದೇ ಕೊಡ್ತೀನಿ, ಜಾಸ್ತಿ ಇಲ್ಲ."

ಸೋಮವಾರದಿಂದ ಹೋದೆ. ಅವನ ಕೆಲಸದವರು ಮೊದಲ ದಿನ ಅಜ್ಜ ಎಂದರು, ಎರಡನೇ ದಿನ ತಮಾಷೆಗೆ ಗುರು ಎಂದರು, ಆಮೇಲೆ ಏನೂ ಕರೆಯದೆ ಕೈ ಸನ್ನೆಯಲ್ಲೇ ಹಲಗೆ ತೋರಿಸತೊಡಗಿದರು. ಒಣಗಿದ ಸಾಗುವಾನಿ. ತಿಕ್ಕಿದರೆ ಪುಡಿ ಹಗುರವಾಗಿ ಎದ್ದು ಮೂಗಿಗೆ ಬರುತ್ತಿತ್ತು. ಒಂದು ಬೆಂಚಿನ ಅಂಚು ಸರಿಯಾಗಿಲ್ಲವೆಂದು ಅವನು ನನ್ನಿಂದ ಮತ್ತೆ ತಿಕ್ಕಿಸಿದ. ಅವನು ಹೇಳಿದ್ದು ಸರಿ, ಅಂಚು ಸರಿಯಾಗಿರಲಿಲ್ಲ.

ಶನಿವಾರ ಸಂಜೆ ಎಲ್ಲರಿಗೂ ಬಟವಾಡೆ. ಸಾಲಿನಲ್ಲಿ ನಾನು ಕೊನೆಯವನು. ಅವನು ನನ್ನ ಮುಖ ನೋಡದೆ ಕೂಲಿಯನ್ನು ಮುಂದೆ ಹಿಡಿದ. ನಾನು ಕೈ ಚಾಚಿ ತೆಗೆದುಕೊಂಡೆ.